ಲೆನ್ಸ್ ಮೌಂಟ್

ಲೆನ್ಸ್ ಮೌಂಟ್ ಎಂಬುದು ಕ್ಯಾಮೆರಾದ ಬಾಡಿಗೆ ಲೆನ್ಸನ್ನು ಜೋಡಿಸುವ ಭಾಗ. ಲೆನ್ಸ್ ಬದಲಾಯಿಸಲು ಅವಕಾಶವಿರುವ ಎಲ್ಲ ಬಗೆಯ ಕ್ಯಾಮೆರಾಗಳಲ್ಲಿಯೂ, ಅಂದರೆ ಎಸ್‌ಎಲ್‌ಆರ್, ಡಿಎಸ್‌ಎಲ್‌ಆರ್, ಮಿರರ್‌ಲೆಸ್, ರೇಂಜ್‌ಫೈಂಡರ್ ಮತ್ತು ಚಲನಚಿತ್ರ ಕ್ಯಾಮೆರಾಗಳಲ್ಲಿ, ಇದು ಇರುತ್ತದೆ. ನೋಡುವುದಕ್ಕೆ ಬಾಡಿಯ ಮುಂಭಾಗದಲ್ಲಿರುವ ಒಂದು ಲೋಹದ ಬಳೆಯಷ್ಟೇ. ಆದರೆ ಒಂದು ಕ್ಯಾಮೆರಾಕ್ಕೆ ಯಾವ ಲೆನ್ಸ್ ಹೊಂದುತ್ತದೆ, ಹೊಂದಿದರೂ ತಾನಾಗಿ ಫೋಕಸ್ ಮಾಡುತ್ತದೆಯೇ, ಅಡಾಪ್ಟರ್ ಬಳಸಬಹುದೇ ಎಂಬುದೆಲ್ಲ ಈ ಬಳೆಯ ಅಳತೆಯನ್ನೂ ಅದರೊಳಗಿನ ವಿದ್ಯುತ್ ಸಂಪರ್ಕಗಳನ್ನೂ ಅವಲಂಬಿಸಿದೆ.

ಹೊಸದಾಗಿ ಕ್ಯಾಮೆರಾ ಕೊಳ್ಳುವವರು ಸಾಮಾನ್ಯವಾಗಿ ಮೆಗಾಪಿಕ್ಸೆಲ್ ಮತ್ತು ಬಾಡಿಯ ಬೆಲೆಯನ್ನು ಹೋಲಿಸುತ್ತಾರೆ. ಡಿಜಿಟಲ್ ಬಾಡಿಯು ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಒಳ್ಳೆಯ ಲೆನ್ಸ್ ದಶಕಗಳ ಕಾಲ ಕೆಲಸ ಮಾಡುತ್ತದೆ. ಹವ್ಯಾಸ ಮುಂದುವರಿದಂತೆ ಲೆನ್ಸ್‌ಗಳ ಮೇಲೆ ಮಾಡಿದ ಖರ್ಚು ಬಾಡಿಯ ಬೆಲೆಯನ್ನು ಮೀರುವುದು ಅಪರೂಪವೇನಲ್ಲ. ಆದ್ದರಿಂದ ಮೊದಲ ಕ್ಯಾಮೆರಾವನ್ನು ಕೊಂಡಾಗ ನಿಜವಾಗಿ ಆಯ್ಕೆಯಾಗುವುದು ಅದರ ಮೌಂಟ್.

ರಚನೆ

ಮೌಂಟ್‌ಗಳಲ್ಲಿ ತಿರುಪಿನ ಮೌಂಟ್ ಮತ್ತು ಬಯೊನೆಟ್ ಮೌಂಟ್ ಎಂಬ ಎರಡು ಮುಖ್ಯ ಬಗೆಗಳಿವೆ. ತಿರುಪಿನ ಮೌಂಟ್‌ನಲ್ಲಿ ಲೆನ್ಸನ್ನು ಬಾಟಲಿಯ ಮುಚ್ಚಳದಂತೆ ಹಲವು ಸುತ್ತು ತಿರುಗಿಸಿ ಕೂರಿಸಬೇಕು. ಬಯೊನೆಟ್ ಮೌಂಟ್‌ನಲ್ಲಿ ಲೆನ್ಸಿನ ಹಿಂಬದಿಯ ಮೂರು ಅಥವಾ ನಾಲ್ಕು ಲೋಹದ ಕಿವಿಗಳನ್ನು ಬಾಡಿಯ ಕಂಡಿಗಳಲ್ಲಿ ಇಳಿಸಿ ಸ್ವಲ್ಪವೇ ತಿರುಗಿಸಿದರೆ ಲೆನ್ಸ್ ಬಿಗಿಯಾಗಿ ಕೂರುತ್ತದೆ. ಭಾರತದ ಮನೆಗಳಲ್ಲಿ ಬಳಕೆಯಲ್ಲಿರುವ, ಹೋಲ್ಡರಿಗೆ ಒತ್ತಿ ತಿರುಗಿಸುವ ಬಲ್ಬಿನ ಜೋಡಣೆಯೂ ಇದೇ ಜಾತಿಗೆ ಸೇರಿದುದು. ಈಗ ತಯಾರಾಗುತ್ತಿರುವ ಬಹುತೇಕ ಎಲ್ಲ ಸ್ಥಿರಚಿತ್ರ ಕ್ಯಾಮೆರಾಗಳಲ್ಲಿ ಬಯೊನೆಟ್ ಮೌಂಟ್ ಇದೆ. ತಿರುಗಿಸುವ ದಿಕ್ಕು ಮಾತ್ರ ಎಲ್ಲರದೂ ಒಂದೇ ಅಲ್ಲ: ಕ್ಯಾಮೆರಾದ ಎದುರಿನಿಂದ ನೋಡಿದಾಗ ನಿಕಾನ್ ಲೆನ್ಸ್ ಅಪ್ರದಕ್ಷಿಣವಾಗಿ ತಿರುಗಿ ಕೂರುತ್ತದೆ, ಕೆನಾನ್ ಮತ್ತು ಸೋನಿ ಲೆನ್ಸ್‌ಗಳು ಪ್ರದಕ್ಷಿಣವಾಗಿ.

ಮೌಂಟ್‌ನ ಒಳ ಅಂಚಿನಲ್ಲಿ ಚಿನ್ನದ ಬಣ್ಣದ ಸಂಪರ್ಕ ಬಿಂದುಗಳ ಸಾಲು ಇರುತ್ತದೆ. ಫೋಕಸ್ ಮೋಟಾರಿಗೆ ವಿದ್ಯುತ್ತು, ದ್ಯುತಿರಂಧ್ರವನ್ನು ಕಿರಿದಾಗಿಸುವ ಆಜ್ಞೆ, ಲೆನ್ಸಿನ ಸಂಗಮ ದೂರದ ಮಾಹಿತಿ ಎಲ್ಲವೂ ಇವುಗಳ ಮೂಲಕವೇ ಸಾಗುತ್ತವೆ. ಕೆನಾನ್‌ನ ಇಎಫ್ ಮೌಂಟ್‌ನಲ್ಲಿ 8 ಇದ್ದ ಸಂಪರ್ಕಗಳು ಅದರ ಉತ್ತರಾಧಿಕಾರಿಯಾದ ಆರ್‌ಎಫ್ ಮೌಂಟ್‌ನಲ್ಲಿ 12 ಆಗಿವೆ.

ಫ್ಲ್ಯಾಂಜ್ ದೂರ

ಮೌಂಟ್‌ನ ಹೊರಮೈಯಿಂದ ಫಿಲ್ಮ್ ಅಥವಾ ಸಂವೇದಕದವರೆಗಿನ ಅಂತರವನ್ನು ಫ್ಲ್ಯಾಂಜ್ ದೂರ ಎನ್ನುತ್ತಾರೆ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಓರೆಯಾದ ಕನ್ನಡಿಯೊಂದು ಮೇಲಕ್ಕೆದ್ದು ಕೆಳಗಿಳಿಯಬೇಕಾದ್ದರಿಂದ ಈ ಅಂತರ ಹೆಚ್ಚು. ನಿಕಾನ್ ಎಫ್ ಮೌಂಟ್‌ನಲ್ಲಿ ಇದು 46.5 ಮಿ.ಮೀ., ಪೆಂಟಾಕ್ಸ್ ಕೆ ಮೌಂಟ್‌ನಲ್ಲಿ 45.46 ಮಿ.ಮೀ., ಕೆನಾನ್ ಇಎಫ್‌ನಲ್ಲಿ 44 ಮಿ.ಮೀ. ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಅಂತರ ಅರ್ಧಕ್ಕಿಂತ ಕಡಿಮೆ: ಕೆನಾನ್ ಆರ್‌ಎಫ್ ಮತ್ತು ಎಲ್ ಮೌಂಟ್ 20 ಮಿ.ಮೀ., ಮೈಕ್ರೋ ಫೋರ್ ಥರ್ಡ್ಸ್ 19.25 ಮಿ.ಮೀ., ಸೋನಿ ಇ 18 ಮಿ.ಮೀ., ಫ್ಯೂಜಿಫಿಲ್ಮ್ ಎಕ್ಸ್ 17.7 ಮಿ.ಮೀ., ನಿಕಾನ್ ಝಡ್ 16 ಮಿ.ಮೀ.

ಅಡಾಪ್ಟರ್‌ಗಳ ಲೆಕ್ಕಾಚಾರವೆಲ್ಲ ನಿಂತಿರುವುದು ಈ ಅಂಕಿಗಳ ಮೇಲೆ. ಲೆನ್ಸ್ ಯಾವ ಅಂತರಕ್ಕಾಗಿ ರೂಪುಗೊಂಡಿದೆಯೋ ಅದಕ್ಕಿಂತ ಕಡಿಮೆ ಅಂತರದ ಬಾಡಿಗೆ ಅದನ್ನು ಜೋಡಿಸುವುದು ಸುಲಭ. ಕೊರತೆಯಾದಷ್ಟು ದಪ್ಪದ ಬಳೆಯೊಂದನ್ನು ನಡುವೆ ಇಟ್ಟರೆ ಸಾಕು. 46.5 ಮಿ.ಮೀ.ಗಾಗಿ ತಯಾರಾದ ನಿಕಾನ್ ಎಫ್ ಲೆನ್ಸನ್ನು 18 ಮಿ.ಮೀ. ಅಂತರದ ಸೋನಿ ಬಾಡಿಗೆ ಕೂರಿಸಲು 28.5 ಮಿ.ಮೀ. ದಪ್ಪದ ಟೊಳ್ಳು ಕೊಳವೆ ಬೇಕು. ಇದರ ವಿರುದ್ಧ ದಿಕ್ಕಿನಲ್ಲಿ, ಅಂದರೆ ಸೋನಿ ಮಿರರ್‌ಲೆಸ್ ಲೆನ್ಸನ್ನು ನಿಕಾನ್ ಡಿಎಸ್‌ಎಲ್‌ಆರ್‌ಗೆ ಜೋಡಿಸಹೊರಟರೆ, ಲೆನ್ಸನ್ನು ಬಾಡಿಯೊಳಗೆ 28.5 ಮಿ.ಮೀ. ಹುದುಗಿಸಬೇಕಾಗುತ್ತದೆ. ಅದು ಆಗದ ಮಾತು.

ಈ ಅಂತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಪರಿಣಾಮವಿದೆ. ವೈಡ್ ಆಂಗಲ್ ಲೆನ್ಸ್‌ಗಳಲ್ಲಿ ಅದು ಹೆಚ್ಚು. 20 ಮಿ.ಮೀ. ಲೆನ್ಸಿನ ಅಡಾಪ್ಟರ್ ಕೇವಲ 0.04 ಮಿ.ಮೀ. ದಪ್ಪವಾಗಿದ್ದರೆ, ಫೋಕಸ್ ಉಂಗುರವನ್ನು ಅನಂತದ ಗುರುತಿಗೆ ತಂದರೂ ಲೆನ್ಸ್ ಫೋಕಸ್ ಆಗುವುದು ಸುಮಾರು 10 ಮೀಟರ್ ದೂರಕ್ಕೆ. ದೂರದ ಬೆಟ್ಟ ಮಸುಕಾಗಿಯೇ ಉಳಿಯುತ್ತದೆ. ಅಷ್ಟೇ ದೋಷವಿದ್ದಾಗ 200 ಮಿ.ಮೀ. ಲೆನ್ಸ್ ಸುಮಾರು 1 ಕಿಲೋಮೀಟರ್ ದೂರಕ್ಕೆ ಫೋಕಸ್ ಆಗುವುದರಿಂದ ವ್ಯತ್ಯಾಸ ಗಮನಕ್ಕೇ ಬಾರದಿರಬಹುದು. ಅಗ್ಗದ ಅಡಾಪ್ಟರ್‌ಗಳನ್ನು ಅನೇಕ ವೇಳೆ ಬೇಕಾದುದಕ್ಕಿಂತ ತುಸು ತೆಳುವಾಗಿಯೇ ಮಾಡಿರುವುದಕ್ಕೆ ಕಾರಣ ಇದು. ಅನಂತವನ್ನು ದಾಟಿ ಫೋಕಸ್ ಆಗುವುದನ್ನು ಬಳಕೆದಾರ ಸಹಿಸಿಯಾನು, ಅನಂತವೇ ಸಿಗದಿರುವುದನ್ನು ಸಹಿಸಲಾರ.

ಇತಿಹಾಸ

ಆರಂಭದ 35 ಮಿ.ಮೀ. ಕ್ಯಾಮೆರಾಗಳಲ್ಲಿ ತಿರುಪಿನ ಮೌಂಟ್ ಸಾಮಾನ್ಯವಾಗಿತ್ತು. ಲೈಕಾದ 39 ಮಿ.ಮೀ. ವ್ಯಾಸದ ತಿರುಪಿನ ಮೌಂಟ್‌ನ ಫ್ಲ್ಯಾಂಜ್ ದೂರ 28.8 ಮಿ.ಮೀ. ಇತ್ತು. 1954ರಲ್ಲಿ ಎಂ3 ಕ್ಯಾಮೆರಾದೊಂದಿಗೆ ಬಯೊನೆಟ್ ಮೌಂಟ್‌ಗೆ ಬದಲಾದಾಗ ಲೈಕಾ ಅದನ್ನು 27.8 ಮಿ.ಮೀ.ಗೆ ಇಳಿಸಿತು. ಈ 1 ಮಿ.ಮೀ. ಜಾಗದಲ್ಲಿ ತೆಳುವಾದ ಬಳೆಯೊಂದನ್ನು ಸೇರಿಸಿ ಹಳೆಯ ಲೆನ್ಸ್‌ಗಳನ್ನೆಲ್ಲ ಹೊಸ ಬಾಡಿಯಲ್ಲಿ ಬಳಸಬಹುದಾಗಿತ್ತು. ಹಳೆಯ ಗ್ರಾಹಕರನ್ನು ಕೈಬಿಡದೆ ಮೌಂಟ್ ಬದಲಿಸಿದ್ದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಸಿಗುವುದು ಕಷ್ಟ.

ಎಸ್‌ಎಲ್‌ಆರ್‌ಗಳಲ್ಲಿ 42 ಮಿ.ಮೀ. ವ್ಯಾಸದ ಎಂ42 ತಿರುಪು ವ್ಯಾಪಕವಾಗಿ ಹರಡಿತು. 1949ರ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾದಲ್ಲಿ ಇದ್ದ ಈ ಮೌಂಟನ್ನು ಪ್ರಾಕ್ಟಿಕಾ, ಪೆಂಟಾಕ್ಸ್, ಝೆನಿಟ್ ಮುಂತಾದ ಹಲವು ತಯಾರಕರು ಬಳಸಿದ್ದರಿಂದ ಒಬ್ಬರ ಲೆನ್ಸ್ ಇನ್ನೊಬ್ಬರ ಬಾಡಿಗೆ ಹೊಂದುತ್ತಿತ್ತು. ತಿರುಪಿನಲ್ಲಿ ಲೆನ್ಸ್ ಎಲ್ಲಿ ನಿಲ್ಲುತ್ತದೆ ಎಂಬುದು ನಿಖರವಲ್ಲದ ಕಾರಣ ಬಾಡಿಗೂ ಲೆನ್ಸಿಗೂ ಯಾಂತ್ರಿಕ ಸಂಪರ್ಕ ಕಲ್ಪಿಸುವುದು ತೊಡಕಾಯಿತು. ಪೆಂಟಾಕ್ಸ್ 1975ರಲ್ಲಿ ಕೆ ಬಯೊನೆಟ್ ಮೌಂಟ್‌ಗೆ ಬಂದಾಗ ಫ್ಲ್ಯಾಂಜ್ ದೂರವನ್ನು ಮೊದಲಿದ್ದಷ್ಟೇ ಇಟ್ಟುಕೊಂಡಿತು.

ಮುಂದಿನ ಕಥೆ ಬಹುಮಟ್ಟಿಗೆ ಜಪಾನಿನ ಎರಡು ಕಂಪನಿಗಳದು. ನಿಕಾನ್ 1959ರಲ್ಲಿ ಎಫ್ ಮೌಂಟನ್ನು ತಂದು, ಸ್ವಯಂಚಾಲಿತ ಫೋಕಸ್ ಬಂದಾಗಲೂ ಡಿಜಿಟಲ್ ಯುಗ ಬಂದಾಗಲೂ ಅದನ್ನೇ ಉಳಿಸಿಕೊಂಡಿತು. ಕೆನಾನ್ 1971ರ ಎಫ್‌ಡಿ ಮೌಂಟನ್ನು 1987ರಲ್ಲಿ ಪೂರ್ತಿಯಾಗಿ ತೊರೆದು, ಇಒಎಸ್ 650 ಕ್ಯಾಮೆರಾದೊಂದಿಗೆ ಇಎಫ್ ಮೌಂಟನ್ನು ಹೊರತಂದಿತು. ಎಫ್‌ಡಿಯ ಫ್ಲ್ಯಾಂಜ್ ದೂರ 42 ಮಿ.ಮೀ., ಇಎಫ್‌ನದು 44 ಮಿ.ಮೀ.; ಹೀಗಾಗಿ ನಡುವೆ ಗಾಜಿನ ಮಸೂರವಿರುವ ಅಡಾಪ್ಟರ್ ಇಲ್ಲದೆ ಹಳೆಯ ಲೆನ್ಸ್‌ಗಳು ಹೊಸ ಬಾಡಿಯಲ್ಲಿ ಅನಂತಕ್ಕೆ ಫೋಕಸ್ ಆಗುತ್ತಿರಲಿಲ್ಲ. ಎಫ್‌ಡಿ ಲೆನ್ಸ್‌ಗಳ ಮೇಲೆ ಹಣ ಹೂಡಿದ್ದವರಿಗೆ ಇದು ದೊಡ್ಡ ಹೊಡೆತ. ಇನ್ನೊಂದು ಬದಿಯಲ್ಲಿ ಇಎಫ್ ಮೌಂಟ್‌ನ ಬಾಯಿ 54 ಮಿ.ಮೀ. ಅಗಲವಾಗಿತ್ತು, ನಿಕಾನ್ ಎಫ್‌ನದು 44 ಮಿ.ಮೀ. ಮಾತ್ರ. ಲೆನ್ಸಿಗೂ ಬಾಡಿಗೂ ನಡುವಿನ ಆಜ್ಞೆಗಳೆಲ್ಲ ವಿದ್ಯುತ್ ಮೂಲಕವೇ ಸಾಗುತ್ತಿದ್ದವು, ಸನ್ನೆಗೋಲುಗಳು ಇರಲಿಲ್ಲ. ಆದ್ದರಿಂದ 1987ರ ಇಎಫ್ ಲೆನ್ಸ್ ಮುಂದಿನ ಮೂರು ದಶಕಗಳ ಇಎಫ್ ಬಾಡಿಗಳಲ್ಲಿಯೂ ಫೋಕಸ್ ಮಾಡುತ್ತದೆ. ಹಳೆಯದನ್ನು ಉಳಿಸಿಕೊಂಡ ನಿಕಾನ್‌ನಲ್ಲಿ, ಕೆಳಗೆ ವಿವರಿಸಿರುವಂತೆ, ವಿನಾಯಿತಿಗಳು ಪದರ ಪದರವಾಗಿ ಸೇರಿಕೊಂಡವು. ಎರಡೂ ದಾರಿಗಳಿಗೆ ಬೆಲೆ ತೆತ್ತವರು ಬಳಕೆದಾರರೇ.

ಮಿರರ್‌ಲೆಸ್ ಯುಗ 2008ರಲ್ಲಿ ಪ್ಯಾನಾಸಾನಿಕ್ ಜಿ1 ಕ್ಯಾಮೆರಾ ಮತ್ತು ಮೈಕ್ರೋ ಫೋರ್ ಥರ್ಡ್ಸ್ ಮೌಂಟ್‌ನೊಂದಿಗೆ ಆರಂಭವಾಯಿತೆನ್ನಬಹುದು. ಸೋನಿಯ ಇ ಮೌಂಟ್ 2010ರಲ್ಲಿ, ಫ್ಯೂಜಿಫಿಲ್ಮ್‌ನ ಎಕ್ಸ್ ಮೌಂಟ್ 2012ರಲ್ಲಿ ಬಂದವು. 2018ರಲ್ಲಿ ನಿಕಾನ್ ಝಡ್ ಮತ್ತು ಕೆನಾನ್ ಆರ್‌ಎಫ್ ಮೌಂಟ್‌ಗಳು ಹೊರಬಂದವು. ಅದೇ ವರ್ಷ ಲೈಕಾ, ಪ್ಯಾನಾಸಾನಿಕ್ ಮತ್ತು ಸಿಗ್ಮಾ ಸೇರಿ ಎಲ್ ಮೌಂಟ್ ಒಕ್ಕೂಟವನ್ನು ರಚಿಸಿದವು.

ಈ ನಡುವೆ ಬಂದು ಹೋದ ಮೌಂಟ್‌ಗಳೂ ಇವೆ. ನಿಕಾನ್ 1 ಸರಣಿ 2011ರಲ್ಲಿ ಆರಂಭವಾಗಿ 2018ರಲ್ಲಿ ನಿಂತಿತು. 2010ರಲ್ಲಿ ಎನ್‌ಎಕ್ಸ್ ಮೌಂಟ್ ತಂದ ಸ್ಯಾಮ್‌ಸಂಗ್ ಕೆಲವೇ ವರ್ಷಗಳಲ್ಲಿ ಈ ಬಗೆಯ ಕ್ಯಾಮೆರಾಗಳ ತಯಾರಿಕೆಯನ್ನೇ ಬಿಟ್ಟಿತು. ಕೆನಾನ್‌ನ ಇಎಫ್-ಎಂ 2012ರಲ್ಲಿ ಬಂದು, ಆರ್‌ಎಫ್ ಬಂದ ಮೇಲೆ ಕ್ರಮೇಣ ಮರೆಯಾಯಿತು. ಇಎಫ್-ಎಂ ಲೆನ್ಸ್‌ಗಳನ್ನು ಆರ್‌ಎಫ್ ಬಾಡಿಗೆ ಜೋಡಿಸಲಾಗದು, ಏಕೆಂದರೆ ಅವು ರೂಪುಗೊಂಡಿರುವುದು 18 ಮಿ.ಮೀ. ಅಂತರಕ್ಕೆ. ಇಂಥ ಮೌಂಟ್‌ನ ಕ್ಯಾಮೆರಾ ಈಗಲೂ ಒಳ್ಳೆಯ ಚಿತ್ರವನ್ನೇ ತೆಗೆಯುತ್ತದೆ. ಆದರೆ ಲೆನ್ಸ್ ಕೆಟ್ಟರೆ ಬದಲಿಗೆ ಹಳೆಯದನ್ನೇ ಹುಡುಕಬೇಕು, ಮಾರಹೊರಟರೆ ಕೊಳ್ಳುವವರು ಕಡಿಮೆ.

ಒಂದೇ ಮೌಂಟ್‌ನೊಳಗಿನ ಭೇದಗಳು

ಮೌಂಟ್ ಒಂದೇ ಆದ ಮಾತ್ರಕ್ಕೆ ಎಲ್ಲ ಲೆನ್ಸ್‌ಗಳೂ ಎಲ್ಲ ಬಾಡಿಗಳಲ್ಲಿ ಪೂರ್ತಿಯಾಗಿ ಕೆಲಸ ಮಾಡುತ್ತವೆಂದು ಹೇಳಲಾಗದು. ಭಾರತದಲ್ಲಿ ಅನೇಕರ ಮೊದಲ ಕ್ಯಾಮೆರಾ ಆಗಿದ್ದ ನಿಕಾನ್‌ನ ಡಿ3000 ಮತ್ತು ಡಿ5000 ಸರಣಿಗಳು ಇದಕ್ಕೆ ಒಳ್ಳೆಯ ನಿದರ್ಶನ. ನಿಕಾನ್‌ನ ಹಳೆಯ ಎಎಫ್ ಮತ್ತು ಎಎಫ್-ಡಿ ಲೆನ್ಸ್‌ಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಬಾಡಿಯೊಳಗಿನ ಮೋಟಾರ್ ಮೌಂಟ್‌ನ ಅಂಚಿನಲ್ಲಿರುವ ತಿರುಪುಳಿಯಂಥ ಪುಟ್ಟ ಮೊನೆಯ ಮೂಲಕ ಲೆನ್ಸನ್ನು ತಿರುಗಿಸುತ್ತದೆ. 2006ರ ಡಿ40 ಕ್ಯಾಮೆರಾದಿಂದ ಮೊದಲ್ಗೊಂಡು ಕೆಳದರ್ಜೆಯ ಬಾಡಿಗಳಲ್ಲಿ ಆ ಮೋಟಾರನ್ನು ಕೈಬಿಡಲಾಯಿತು. ಹೀಗಾಗಿ 50 ಮಿ.ಮೀ. ಎಫ್/1.8ಡಿ ಲೆನ್ಸ್ ಈ ಬಾಡಿಗಳಿಗೆ ಸರಿಯಾಗಿ ಕೂರುತ್ತದೆ, ಆದರೆ ಫೋಕಸ್ ಉಂಗುರವನ್ನು ಕೈಯಿಂದಲೇ ತಿರುಗಿಸಬೇಕು. ಹೆಸರಿನಲ್ಲಿ ಒಂದೇ ಅಕ್ಷರ ಬೇರೆಯಾದ 1.8ಜಿ ಲೆನ್ಸಿನಲ್ಲಿ ಮೋಟಾರ್ ಇರುವುದರಿಂದ ಅದು ತಾನಾಗಿ ಫೋಕಸ್ ಮಾಡುತ್ತದೆ. ಅದೇ ಜಿ ಲೆನ್ಸಿಗೆ ದ್ಯುತಿರಂಧ್ರದ ಉಂಗುರವಿಲ್ಲದ ಕಾರಣ ಎಫ್‌ಎಂ2ನಂಥ ಹಳೆಯ ಫಿಲ್ಮ್ ಕ್ಯಾಮೆರಾದಲ್ಲಿ ಅದು ಬಹುಮಟ್ಟಿಗೆ ನಿರುಪಯೋಗಿ.

ಸಂವೇದಕದ ಗಾತ್ರ ಇನ್ನೊಂದು ಭೇದ. 36×24 ಮಿ.ಮೀ. ಅಳತೆಯ ಸಂವೇದಕವನ್ನು ಫುಲ್ ಫ್ರೇಮ್ ಎಂದೂ, ಅದಕ್ಕಿಂತ ಚಿಕ್ಕದಾದ, ಸುಮಾರು 23.5×15.6 ಮಿ.ಮೀ. ಅಳತೆಯದನ್ನು ಎಪಿಎಸ್-ಸಿ ಎಂದೂ ಕರೆಯುತ್ತಾರೆ. ಕೆನಾನ್ 2003ರಲ್ಲಿ ಚಿಕ್ಕ ಸಂವೇದಕಕ್ಕೆಂದು ತಂದ ಇಎಫ್-ಎಸ್ ಲೆನ್ಸ್‌ಗಳು ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಕೂರುವುದೇ ಇಲ್ಲ. ಅವುಗಳ ಮೇಲೆ ಬಿಳಿಯ ಚೌಕದ ಗುರುತು, ಇಎಫ್ ಲೆನ್ಸ್‌ಗಳ ಮೇಲೆ ಕೆಂಪು ಚುಕ್ಕೆ ಇರುತ್ತದೆ. ನಿಕಾನ್‌ನ ಡಿಎಕ್ಸ್ ಲೆನ್ಸ್‌ಗಳು ಫುಲ್ ಫ್ರೇಮ್ ಬಾಡಿಗೆ ಕೂರುತ್ತವೆ, ಆದರೆ ಕ್ಯಾಮೆರಾ ಚಿತ್ರದ ನಡುಭಾಗವನ್ನಷ್ಟೇ ದಾಖಲಿಸುತ್ತದೆ. ಮುಂದೆ ಫುಲ್ ಫ್ರೇಮ್‌ಗೆ ಹೋಗುವ ಖಚಿತ ಉದ್ದೇಶವಿದ್ದರೆ ಚಿಕ್ಕ ಸಂವೇದಕದ ಲೆನ್ಸ್‌ಗಳನ್ನು ಹೆಚ್ಚಾಗಿ ಕೂಡಿಹಾಕುವುದು ಲಾಭಕರವಲ್ಲ. ಅಂಥ ಉದ್ದೇಶವಿಲ್ಲದವರು ‘ಮುಂದೆ ಬೇಕಾದೀತು’ ಎಂದು ದುಬಾರಿಯಾದ, ಭಾರವಾದ ಫುಲ್ ಫ್ರೇಮ್ ಲೆನ್ಸ್‌ಗಳನ್ನು ಹೊರುವುದೂ ಅಷ್ಟೇ ಅನವಶ್ಯಕ.

ಅಡಾಪ್ಟರ್‌ಗಳು ಮತ್ತು ಮೌಂಟ್‌ಗೆ ಸೇರುವ ಇತರ ಸಲಕರಣೆಗಳು

ತಯಾರಕರೇ ಕೊಡುವ ಅಡಾಪ್ಟರ್‌ಗಳು ಸಾಮಾನ್ಯವಾಗಿ ವಿದ್ಯುತ್ ಸಂಪರ್ಕಗಳನ್ನೂ ದಾಟಿಸುತ್ತವೆ. ಕೆನಾನ್‌ನ ಅಡಾಪ್ಟರ್ ಮೂಲಕ ಇಎಫ್ ಲೆನ್ಸ್‌ಗಳು ಆರ್‌ಎಫ್ ಬಾಡಿಗಳಲ್ಲಿ ತೊಡಕಿಲ್ಲದೆ ಫೋಕಸ್ ಮಾಡುತ್ತವೆ. ನಿಕಾನ್ ಝಡ್ ಬಾಡಿಗಳಿಗಾಗಿ ಇರುವ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಮೋಟಾರ್ ಇಲ್ಲವಾದ್ದರಿಂದ ಎಎಫ್-ಡಿ ಲೆನ್ಸ್‌ಗಳನ್ನು ಅಲ್ಲಿಯೂ ಕೈಯಿಂದಲೇ ಫೋಕಸ್ ಮಾಡಬೇಕು. ಸಂಪರ್ಕಗಳಿಲ್ಲದ ಟೊಳ್ಳು ಅಡಾಪ್ಟರ್‌ಗಳು ಉಂಗುರದಿಂದ ದ್ಯುತಿರಂಧ್ರ ಹೊಂದಿಸುವ ಹಳೆಯ ಲೆನ್ಸ್‌ಗಳಿಗೆ ಸಾಕು. ಎಂ42 ಲೆನ್ಸ್‌ಗಳು ಮಿರರ್‌ಲೆಸ್ ಕ್ಯಾಮೆರಾಗಳ ಕಾಲದಲ್ಲಿ ಮರುಹುಟ್ಟು ಪಡೆದದ್ದು ಹೀಗೆ.

ಎಕ್ಸ್‌ಟೆನ್ಶನ್ ಟ್ಯೂಬ್ ಕೂಡ ಒಂದು ಟೊಳ್ಳು ಕೊಳವೆಯೇ. ಅದು ಬೇಕೆಂದೇ ಲೆನ್ಸನ್ನು ಸಂವೇದಕದಿಂದ ದೂರ ಸರಿಸುತ್ತದೆ. ಅನಂತದ ಫೋಕಸ್ ಹೋಗಿ, ಹೂವು-ಕೀಟಗಳನ್ನು ಬಹಳ ಹತ್ತಿರದಿಂದ ಚಿತ್ರಿಸಲು ಸಾಧ್ಯವಾಗುತ್ತದೆ. ಮ್ಯಾಕ್ರೋ ಲೆನ್ಸ್ ಕೊಳ್ಳುವ ಮುನ್ನ ಆಸಕ್ತಿಯನ್ನು ಪರೀಕ್ಷಿಸಿಕೊಳ್ಳಲು ಇದು ಅಗ್ಗದ ದಾರಿ. ಕೆನಾನ್ ಇಎಫ್‌ನಂಥ ಪೂರ್ಣ ವಿದ್ಯುನ್ಮಾನ ಮೌಂಟ್‌ಗೆ ಸಂಪರ್ಕಗಳಿರುವ ಟ್ಯೂಬನ್ನೇ ಕೊಳ್ಳಬೇಕು, ಇಲ್ಲದಿದ್ದರೆ ದ್ಯುತಿರಂಧ್ರವನ್ನು ನಿಯಂತ್ರಿಸಲಾಗದು. ಟೆಲಿಕನ್ವರ್ಟರ್‌ನಲ್ಲಿ ಮಸೂರಗಳಿರುತ್ತವೆ. 1.4 ಪಟ್ಟಿನದು ಒಂದು ಸ್ಟಾಪ್, 2 ಪಟ್ಟಿನದು ಎರಡು ಸ್ಟಾಪ್ ಬೆಳಕನ್ನು ಕಡಿಮೆ ಮಾಡುತ್ತದೆ. ಅಂದರೆ 300 ಮಿ.ಮೀ. ಎಫ್/4 ಲೆನ್ಸ್ ಎರಡನೆಯದರೊಂದಿಗೆ 600 ಮಿ.ಮೀ. ಎಫ್/8 ಆಗುತ್ತದೆ. ಮೌಂಟ್ ಹೊಂದಿದರೂ ಇದರ ಮುಂಚಾಚಿದ ಗಾಜು ಅನೇಕ ಲೆನ್ಸ್‌ಗಳ ಹಿಂಬದಿಗೆ ತಾಗುವುದರಿಂದ, ತಯಾರಕರು ಕೊಟ್ಟಿರುವ ಪಟ್ಟಿಯನ್ನು ನೋಡದೆ ಕೊಳ್ಳಬಾರದು.

ಫಿಲ್ಟರ್, ಟ್ರೈಪಾಡ್, ಚೀಲಗಳಿಗೆ ಮೌಂಟ್‌ನ ಹಂಗಿಲ್ಲ. ಫಿಲ್ಟರ್ ಹೊಂದುವುದು ಲೆನ್ಸಿನ ಮುಂಭಾಗದ ತಿರುಪಿನ ವ್ಯಾಸಕ್ಕೆ. ಇರುವ ಲೆನ್ಸ್‌ಗಳಲ್ಲಿ ಅತಿ ದೊಡ್ಡದಾದ ವ್ಯಾಸಕ್ಕೆ, ಉದಾಹರಣೆಗೆ 77 ಮಿ.ಮೀ.ಗೆ, ಒಂದು ಫಿಲ್ಟರ್ ಕೊಂಡು ಚಿಕ್ಕ ಲೆನ್ಸ್‌ಗಳಿಗೆ ಸ್ಟೆಪ್-ಅಪ್ ಉಂಗುರ ಬಳಸುವುದು ಮಿತವ್ಯಯದ ಕ್ರಮ. ಫ್ಲ್ಯಾಶ್ ಅರ್ಧ ಮಾತ್ರ ಸ್ವತಂತ್ರ: ಕೈಯಿಂದ ಪ್ರಮಾಣ ಹೊಂದಿಸಿ ಬಳಸಿದರೆ ಬೇರೆ ಬಾಡಿಯಲ್ಲಿಯೂ ಬೆಳಗೀತು, ಸ್ವಯಂಚಾಲಿತ ಟಿಟಿಎಲ್ ವಿಧಾನ ಮಾತ್ರ ಆಯಾ ತಯಾರಕರ ಭಾಷೆಗೆ ಸೀಮಿತ.

ಇತರ ತಯಾರಕರ ಲೆನ್ಸ್‌ಗಳು

ಸಿಗ್ಮಾ, ಟ್ಯಾಮ್ರಾನ್, ಟೋಕಿನಾ ಮುಂತಾದ ಕಂಪನಿಗಳು ಹಲವು ಮೌಂಟ್‌ಗಳಿಗೆ ಲೆನ್ಸ್ ತಯಾರಿಸುತ್ತವೆ. ಮೂಲ ಕಂಪನಿಯ ಲೆನ್ಸಿಗಿಂತ ಕಡಿಮೆ ಬೆಲೆಗೆ ಸಿಗುವ ಇವು ಮಧ್ಯಮ ವರ್ಗದ ಛಾಯಾಗ್ರಾಹಕರಿಗೆ ದೊಡ್ಡ ಆಸರೆ. ಆದ್ದರಿಂದ ಮೌಂಟ್‌ನ ಒಡೆಯರು ಹೊರಗಿನವರಿಗೆ ಎಷ್ಟು ಅವಕಾಶ ಕೊಡುತ್ತಾರೆ ಎಂಬುದು ಕೊಳ್ಳುವವರ ಜೇಬಿಗೆ ನೇರವಾಗಿ ಸಂಬಂಧಿಸಿದ ವಿಷಯ. ಸೋನಿ 2011ರಲ್ಲಿಯೇ ಇ ಮೌಂಟ್‌ನ ಮೂಲ ವಿವರಗಳನ್ನು ಇತರ ತಯಾರಕರಿಗೆ ತೆರೆದಿಟ್ಟಿತು. ಇಂದು ಆ ಮೌಂಟ್‌ಗೆ ಲೆನ್ಸ್‌ಗಳ ವೈವಿಧ್ಯ ಇರುವುದಕ್ಕೆ ಅದು ಮುಖ್ಯ ಕಾರಣ. ಕೆನಾನ್ ಆರ್‌ಎಫ್ ಮೌಂಟನ್ನು ಬಹುಕಾಲ ಮುಚ್ಚಿಟ್ಟುಕೊಂಡಿತ್ತು. 2024ರಲ್ಲಿ ಸಿಗ್ಮಾ ಮತ್ತು ಟ್ಯಾಮ್ರಾನ್ ಎಪಿಎಸ್-ಸಿ ಗಾತ್ರದ ಆರ್‌ಎಫ್ ಲೆನ್ಸ್‌ಗಳನ್ನು ಪರವಾನಗಿಯೊಂದಿಗೆ ಪ್ರಕಟಿಸಿದವು.

ಮೌಂಟ್ ನೋಡಿ ಕೊಳ್ಳುವುದು

ಬಾಡಿಯನ್ನು ಆರಿಸುವ ಮುನ್ನ, ಮುಂದೆ ಬೇಕಾಗಬಹುದಾದ ಎರಡು ಮೂರು ಲೆನ್ಸ್‌ಗಳನ್ನು ಬರೆದಿಟ್ಟುಕೊಂಡು ಅವು ಆ ಮೌಂಟ್‌ನಲ್ಲಿ ಯಾವ ಬೆಲೆಗೆ ಸಿಗುತ್ತವೆ ಎಂದು ನೋಡುವುದು ಸರಿಯಾದ ಕ್ರಮ. ಮದುವೆ ಸಮಾರಂಭಗಳನ್ನು ಚಿತ್ರಿಸುವವರಿಗೆ 24–70 ಮಿ.ಮೀ. ಎಫ್/2.8 ಲೆನ್ಸ್ ಬೇಕಾದೀತು. ರಂಗನತಿಟ್ಟಿನ ಹಕ್ಕಿಗಳನ್ನೋ ಕಬಿನಿ ಹಿನ್ನೀರಿನ ವನ್ಯಜೀವಿಗಳನ್ನೋ ಚಿತ್ರಿಸುವವರಿಗೆ 400 ಮಿ.ಮೀ.ಗಿಂತ ಹೆಚ್ಚಿನ ಟೆಲಿ ಲೆನ್ಸ್ ಬೇಕು. ಅಂಥ ಲೆನ್ಸ್ ಕೊಳ್ಳಲಾಗದವರು ಬೆಂಗಳೂರಿನಂಥ ನಗರಗಳಲ್ಲಿ ದಿನಬಾಡಿಗೆಗೆ ಪಡೆಯಬಹುದು. ಬಾಡಿಗೆ ಅಂಗಡಿಗಳು ಹೆಚ್ಚು ಬೇಡಿಕೆಯ ಮೌಂಟ್‌ಗಳ ಲೆನ್ಸ್‌ಗಳನ್ನೇ ಇಟ್ಟುಕೊಳ್ಳುವುದು ಸಹಜವಾದ್ದರಿಂದ ಕೆನಾನ್, ನಿಕಾನ್, ಸೋನಿ ಬಳಸುವವರಿಗೆ ಇಲ್ಲಿ ಅನುಕೂಲ ಹೆಚ್ಚು. ಗೆಳೆಯರಲ್ಲಿ, ಬಂಧುಗಳಲ್ಲಿ ಯಾವ ಮೌಂಟ್‌ನ ಲೆನ್ಸ್‌ಗಳಿವೆ ಎಂಬುದೂ ಗಣನೆಗೆ ಬರುವ ಸಂಗತಿ.

ಭಾರತದಲ್ಲಿ ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿಎಸ್‌ಟಿ 2019ರ ಜನವರಿ 1ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಅಧಿಕೃತವಲ್ಲದ ದಾರಿಯಿಂದ ಆಮದಾಗಿ ‘ಗ್ರೇ ಮಾರ್ಕೆಟ್’ನಲ್ಲಿ ಮಾರಾಟವಾಗುವ ಲೆನ್ಸ್‌ಗಳು ಅಗ್ಗವಾಗಿ ಸಿಗುತ್ತವೆ, ಅವುಗಳಿಗೆ ತಯಾರಕರ ಭಾರತೀಯ ಶಾಖೆಯ ವಾರಂಟಿ ಸಾಮಾನ್ಯವಾಗಿ ಇರುವುದಿಲ್ಲ. ಆಮದುದಾರರ ಹೆಸರು ಮತ್ತು ಗರಿಷ್ಠ ಮಾರಾಟ ಬೆಲೆಯ ಚೀಟಿ ಪೆಟ್ಟಿಗೆಯ ಮೇಲಿದೆಯೇ, ಬಿಲ್ಲಿನಲ್ಲಿ ಕ್ರಮಸಂಖ್ಯೆ ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು.

ಬಳಸಿದ ಲೆನ್ಸ್‌ಗಳ ಪರೀಕ್ಷೆ

ಡಿಎಸ್‌ಎಲ್‌ಆರ್‌ನಿಂದ ಮಿರರ್‌ಲೆಸ್‌ಗೆ ಬದಲಾಗುತ್ತಿರುವವರು ಮಾರುವ ಹಳೆಯ ಮೌಂಟ್‌ಗಳ ಲೆನ್ಸ್‌ಗಳು ಈಗ ಕಡಿಮೆ ಬೆಲೆಗೆ ದೊರೆಯುತ್ತಿವೆ. ಕೊಳ್ಳುವಾಗ ಲೆನ್ಸನ್ನು ತಮ್ಮದೇ ಬಾಡಿಗೆ ಜೋಡಿಸಿ ಅದು ಅಲುಗಾಡುತ್ತದೆಯೇ ಎಂದು ನೋಡಬೇಕು. ಮೌಂಟ್‌ನ ಕಿವಿಗಳು ಸವೆದಿದ್ದರೆ, ತಿರುಪುಗಳ ತಲೆ ಉಜ್ಜಿಹೋಗಿದ್ದರೆ ಲೆನ್ಸನ್ನು ಯಾರೋ ಬಿಚ್ಚಿ ಜೋಡಿಸಿರುವ ಸಂಭವವಿದೆ. ದೂರದ ಕಟ್ಟಡವೊಂದನ್ನು ಪೂರ್ತಿ ತೆರೆದ ದ್ಯುತಿರಂಧ್ರದಲ್ಲಿ ಚಿತ್ರಿಸಿ, ಎಡ-ಬಲ ಅಂಚುಗಳೆರಡೂ ಒಂದೇ ಸಮನಾಗಿ ಸ್ಪಷ್ಟವಾಗಿವೆಯೇ ಎಂದು ಪರೀಕ್ಷಿಸಬೇಕು. ಒಂದು ಬದಿ ಮಾತ್ರ ಮಸುಕಾಗಿದ್ದರೆ ಲೆನ್ಸ್ ಕೆಳಗೆ ಬಿದ್ದು ಒಳಗಿನ ಮಸೂರ ಓರೆಯಾಗಿರಬಹುದು. ಅಗ್ಗದ ಲೆನ್ಸ್‌ಗಳಲ್ಲಿ ಮೌಂಟ್ ಪ್ಲಾಸ್ಟಿಕ್‌ನದೇ ಆಗಿರುವುದು ದೋಷವಲ್ಲ. ಹಗುರವಾದ 18–55 ಮಿ.ಮೀ. ಲೆನ್ಸಿಗೆ ಅದು ಸಾಕು.

ಕರಾವಳಿ ಮತ್ತು ಮಲೆನಾಡಿನಲ್ಲಿ ಬಳಕೆಯಾದ ಲೆನ್ಸ್‌ಗಳಲ್ಲಿ ಬೂಷ್ಟಿನ ಭಯ ಹೆಚ್ಚು. ಮಳೆಗಾಲದ ತೇವದಲ್ಲಿ, ಚೀಲದೊಳಗಿನ ಕತ್ತಲೆಯಲ್ಲಿ ತಿಂಗಳುಗಟ್ಟಲೆ ಇಟ್ಟ ಲೆನ್ಸಿನ ಗಾಜಿನ ಮೇಲೆ ಜೇಡರಬಲೆಯಂಥ ಎಳೆಗಳು ಹಬ್ಬುತ್ತವೆ. ಮುಂದಿನ ಮತ್ತು ಹಿಂದಿನ ಮುಚ್ಚಳಗಳನ್ನು ತೆಗೆದು, ಒಂದು ಬದಿಯಿಂದ ಟಾರ್ಚ್ ಬೆಳಕನ್ನು ಓರೆಯಾಗಿ ಹಾಯಿಸಿ ಇನ್ನೊಂದು ಬದಿಯಿಂದ ನೋಡಿದರೆ ಇವು ಕಾಣುತ್ತವೆ. ಆರಂಭದಲ್ಲಿ ಬಿಚ್ಚಿ ಒರೆಸಿದರೆ ಹೋಗುವ ಬೂಷ್ಟು, ಬಿಟ್ಟಷ್ಟೂ ಗಾಜಿನ ಮೇಲಿನ ಲೇಪನವನ್ನು ತಿಂದು ಅಳಿಸಲಾಗದ ಕಲೆ ಉಳಿಸುತ್ತದೆ. ಸಾಪೇಕ್ಷ ಆರ್ದ್ರತೆಯನ್ನು ಶೇ. 40ರಿಂದ 50ರ ನಡುವೆ ಇಡುವ ವಿದ್ಯುತ್ ಡ್ರೈ ಕ್ಯಾಬಿನೆಟ್ ಇದಕ್ಕೆ ಉತ್ತಮ ರಕ್ಷಣೆ. ಅದಿಲ್ಲದವರು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಲೆನ್ಸ್‌ಗಳನ್ನು ಇಡಬಹುದು. ನೀಲಿ ಬಣ್ಣದ ಸೂಚಕ ಹರಳುಗಳು ಗುಲಾಬಿಗೆ ತಿರುಗಿದಾಗ ಅವನ್ನು ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬೇಕು. ಚರ್ಮದ ಪೆಟ್ಟಿಗೆ ತೇವವನ್ನು ಹಿಡಿದಿಡುವುದರಿಂದ ಮಳೆಗಾಲದಲ್ಲಿ ಲೆನ್ಸ್ ಇಡಲು ತಕ್ಕುದಲ್ಲ.